ರೊಟ್ಟಿ ನಮ್ಮದು, ಹೆಸರು ಯಾರದು?



ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕಿನ ನಮ್ಮ ಸಂಘಗಳಿಗೆ ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಈಗ ಹೊಸದಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಶ್ಯಾವಿಗೆ, ಹಪ್ಪಳ, ಕೆಂಪು ಖಾರ, ಕೌದಿ ಇವನ್ನೆಲ್ಲ ಮಾಡುವ ಕೈಗಳಿಗೂ ನಮ್ಮಲ್ಲಿ ಕೊರತೆ ಇಲ್ಲ. ಮೊದಲು ಬುಟ್ಟಿಯಲ್ಲಿಟ್ಟು ಮಾರುತ್ತಿದ್ದದ್ದನ್ನು ಈಗ ಪಾಕೀಟು ಮಾಡಿ, ಮೇಲೊಂದು ಚೀಟಿ ಅಂಟಿಸಿ, ಚೀಟಿಯ ಮೇಲೆ ಒಂದು ಹೆಸರು ಹಾಕಿ ಮಾರುತ್ತಿದ್ದೇವೆ. ಈ ಸಲದ ಪಾಠ ಆ ಹೆಸರಿನ ಬಗ್ಗೆ.

ಸಭೆಯೊಂದರಲ್ಲಿ ಈ ಮಾತು ತೆಗೆದಾಗ ಒಬ್ಬ ಅಕ್ಕ, "ಹೆಸರಿನಾಗ ಏನೈತ್ರೀ? ರುಚಿ ಇದ್ರ ಮಂದಿ ತಾವಾ ಹುಡಿಕ್ಯಾಡಿಕೋತ ಬರ್ತಾರ" ಎಂದರು. ಮಾತು ಅರ್ಧ ಖರೇ. ಮೊದಲನೇ ಸಲ ಜನರನ್ನು ಹಿಡಿಯುವುದು ರುಚಿಯೇ. ಆದರೆ ಎರಡನೇ ಸಲ ಅಂಗಡಿಗೆ ಬಂದವರು ರುಚಿಯನ್ನು ಕೈಮಾಡಿ ತೋರಿಸಲು ಆಗುವುದಿಲ್ಲ. ಅವರು ಹೆಸರು ಹೇಳುತ್ತಾರೆ, ಚೀಟಿಯ ಬಣ್ಣ ಹೇಳುತ್ತಾರೆ. ನಾವು ವರ್ಷಗಟ್ಟಲೆ ಹೊಗೆಯಲ್ಲಿ ಕೂತು ಬಡಿದ ರೊಟ್ಟಿಯ ನಂಬಿಕೆಯೆಲ್ಲ ಆ ಒಂದು ಹೆಸರಿನೊಳಗೆ ಕೂಡಿಕೊಂಡಿರುತ್ತದೆ.

ಈಗ ಹೀಗೆಂದುಕೊಳ್ಳೋಣ. ಒಂದು ಊರಿನಲ್ಲಿ ಹನ್ನೆರಡು ಮಂದಿಯ ಸಂಘ. ಅವರ ರೊಟ್ಟಿಗೆ 'ಅಬ್ಬಲಿ' ಎಂದು ಹೆಸರು. (ಇದು ಪಾಠಕ್ಕಾಗಿ ನಾವು ಇಟ್ಟ ಹೆಸರು.) ಪ್ಯಾಟಿಯ ಒಬ್ಬ ವ್ಯಾಪಾರಿ ಅವರ ಮಾಲನ್ನೆಲ್ಲ ಕೊಳ್ಳುತ್ತಾನೆ, ಚೀಟಿಯನ್ನೂ ತಾನೇ ಛಾಪಿಸಿ ಕೊಡುತ್ತಾನೆ. ಐದಾರು ವರ್ಷದಲ್ಲಿ ಅಬ್ಬಲಿ ರೊಟ್ಟಿ ಹುಬ್ಬಳ್ಳಿಯವರೆಗೂ ಹೋಗುತ್ತದೆ. ಒಂದು ದಿನ ದರದ ಮೇಲೆ ಮಾತಿಗೆ ಮಾತು ಬೆಳೆಯುತ್ತದೆ. ವ್ಯಾಪಾರಿ ಬೇರೆ ಕಡೆಯಿಂದ ರೊಟ್ಟಿ ತರಿಸಿ ಅದೇ ಚೀಟಿ ಅಂಟಿಸುತ್ತಾನೆ. ಸಂಘದವರು ತಕರಾರು ಮಾಡಿದರೆ ಒಂದು ಕಾಗದ ತೋರಿಸುತ್ತಾನೆ: 'ಅಬ್ಬಲಿ' ಟ್ರೇಡ್ ಮಾರ್ಕ್ ಆಗಿ ಅವನ ಹೆಸರಿನಲ್ಲಿ ನೋಂದಣಿಯಾಗಿದೆ!

ಇದಕ್ಕೆ ಹೊಲದ ಉತಾರವನ್ನು ನೆನೆಸಿಕೊಂಡರೆ ಸಾಕು. ಉತಾರದ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿಯ ವಿವರ. ಕಳೆ ತೆಗೆದವರು ಯಾರು, ಕಟಾವು ಮಾಡಿದವರು ಯಾರು ಎಂದು ಊರಿಗೆಲ್ಲ ಗೊತ್ತಿದ್ದರೂ ಬ್ಯಾಂಕಿನವರು ನೋಡುವುದು 9ನೇ ಕಾಲಂ. ಟ್ರೇಡ್ ಮಾರ್ಕ್ ರಿಜಿಸ್ಟರಿನಲ್ಲಿಯೂ ಮಾಲೀಕರ ಹೆಸರಿಗೆ ಒಂದು ಜಾಗ ಇದೆ. ರೊಟ್ಟಿ ಬಡಿದವರಿಗೆ ಅಲ್ಲಿ ಕಾಲಂ ಇಲ್ಲ.

ಟ್ರೇಡ್ ಮಾರ್ಕ್ ಎಂದರೆ

ನಮ್ಮ ಮಾಲನ್ನು ಇನ್ನೊಬ್ಬರ ಮಾಲಿನಿಂದ ಬೇರೆ ಎಂದು ಗುರುತಿಸುವ ಹೆಸರು, ಚಿತ್ರ, ಅಕ್ಷರ ಅಥವಾ ಚೀಟಿಯೇ ಟ್ರೇಡ್ ಮಾರ್ಕ್. ಕನ್ನಡದಲ್ಲಿ ವ್ಯಾಪಾರ ಚಿಹ್ನೆ ಎನ್ನುತ್ತಾರೆ. ಇದಕ್ಕಾಗಿ ಇರುವ ಕಾಯ್ದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ಈಗಿನ ಅರ್ಜಿ ನಮೂನೆ ಮತ್ತು ಫೀ 2017ರ ನಿಯಮಗಳ ಪ್ರಕಾರ ನಡೆಯುತ್ತವೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಹೆದರಬೇಡಿ, ಚೆನ್ನೈಗೆ ಹೋಗಬೇಕಾಗಿಲ್ಲ. ಅರ್ಜಿ, ಫೀ, ಉತ್ತರ, ಸರ್ಟಿಫಿಕೇಟು ಎಲ್ಲವೂ ಕಂಪ್ಯೂಟರಿನ ಮೂಲಕವೇ ಆಗುತ್ತವೆ.

ನಮ್ಮ ಸಂಘಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ಉದ್ಯಮ್ ಸರ್ಟಿಫಿಕೇಟ್ ಐತಿ, ಆಹಾರದ ಲೈಸೆನ್ಸ್ ನಂಬರ್ ಐತಿ, ಇನ್ನೇನ್ ಬೇಕ್ರೀ?" ಎನ್ನುತ್ತಾರೆ. ಉದ್ಯಮ್ ಎಂದರೆ ನೀವು ಸಣ್ಣ ಉದ್ಯಮದವರು ಎಂಬ ದಾಖಲೆ. ಆಹಾರ ಇಲಾಖೆಯ ನಂಬರು ನೀವು ಆಹಾರ ತಯಾರಿಸಲು ನೋಂದಾಯಿಸಿಕೊಂಡಿದ್ದೀರಿ ಎನ್ನುವುದಕ್ಕೆ. ಪಂಚಾಯತಿ ಲೈಸೆನ್ಸು ಜಾಗಕ್ಕೆ. ಇವೆಲ್ಲ ಬೇಕು, ಆದರೆ ಚೀಟಿಯ ಮೇಲಿನ ಹೆಸರನ್ನು ಇವು ಯಾವುವೂ ನಿಮ್ಮದು ಮಾಡುವುದಿಲ್ಲ.

ಪಾಕೀಟಿನ ಮೇಲೆ ಚಿಕ್ಕದಾಗಿ 'ಟಿಎಂ' ಎಂದು ಹಾಕುವುದನ್ನು ನೋಡಿದ್ದೀರಿ. 'ಈ ಹೆಸರು ನಮ್ಮದು ಎನ್ನುತ್ತೇವೆ' ಎಂದು ಅದರ ಅರ್ಥ, ನೋಂದಣಿ ಆಗದಿದ್ದರೂ ಹಾಕಬಹುದು. ಆದರೆ ವೃತ್ತದೊಳಗೆ 'ಆರ್' ಅಕ್ಷರ ಹಾಕಬೇಕಾದರೆ ನೋಂದಣಿ ಮುಗಿದಿರಬೇಕು. ಅದಕ್ಕೂ ಮೊದಲೇ ಹಾಕಿದರೆ ಕಾನೂನಿನ ಪ್ರಕಾರ ಶಿಕ್ಷಾರ್ಹ. ಚೀಟಿ ಛಾಪಿಸುವವರು ಚೆಂದ ಕಾಣಲಿ ಎಂದು ತಾವಾಗಿಯೇ ಸೇರಿಸಿಬಿಡುತ್ತಾರೆ, ನೋಡಿಕೊಳ್ಳಿ.

ಕಂಪ್ಯೂಟರಿನ ಮುಂದೆ ಕೂರುವ ಮೊದಲು: ಯಾರ ಹೆಸರಿನಲ್ಲಿ?

ಇದೇ ಈ ಪಾಠದ ಮುಖ್ಯ ಭಾಗ. ಅರ್ಜಿ ತುಂಬುವುದು ಅರ್ಧ ದಿನದ ಕೆಲಸ. ಅರ್ಜಿದಾರರ ಜಾಗದಲ್ಲಿ ಯಾರ ಹೆಸರು ಎಂದು ತೀರ್ಮಾನಿಸಲು ಎರಡು ಮೂರು ಸಭೆ ಬೇಕಾದರೂ ಅಡ್ಡಿ ಇಲ್ಲ.

ಬಹಳ ಕಡೆ ಆಗುವುದೇನೆಂದರೆ, ಅಧ್ಯಕ್ಷರ ಆಧಾರ್ ಕಾರ್ಡು, ಅಧ್ಯಕ್ಷರ ಪ್ಯಾನ್ ಕಾರ್ಡು ಕೈಯಲ್ಲಿರುತ್ತವೆ. ಸೈಬರ್ ಸೆಂಟರಿನವರು ಅದನ್ನೇ ಹಾಕಿ ಕಳಿಸುತ್ತಾರೆ. ಅಧ್ಯಕ್ಷರ ಮನಸ್ಸಿನಲ್ಲಿ ಯಾವ ಕಪಟವೂ ಇಲ್ಲ, ಸಂಘದ ಮನಸ್ಸಿನಲ್ಲಿ ಯಾವ ಸಂಶಯವೂ ಇಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಟ್ರೇಡ್ ಮಾರ್ಕ್ ಒಂದು ಆಸ್ತಿ. ಅದನ್ನು ಮಾರಬಹುದು, ಬರೆದುಕೊಡಬಹುದು. ಮಾಲೀಕರು ತೀರಿಕೊಂಡರೆ ಹೊಲದಂತೆಯೇ ವಾರಸುದಾರರಿಗೆ ಹೋಗುತ್ತದೆ. ಅಧ್ಯಕ್ಷರು ಒಳ್ಳೆಯವರು, ಸರಿ. ಅವರ ಸೊಸೆ, ಅಳಿಯ, ಮೊಮ್ಮಗ ಯಾರಿದ್ದಾರೆಂದು ಸಂಘಕ್ಕೆ ಏನು ಗೊತ್ತು? ಮೂರು ವರ್ಷಕ್ಕೊಮ್ಮೆ ಅಧ್ಯಕ್ಷರನ್ನು ಬದಲಿಸುವ ಸಂಘಗಳಂತೂ ಇದನ್ನು ಇನ್ನೂ ಚೆನ್ನಾಗಿ ವಿಚಾರ ಮಾಡಬೇಕು.

ಬ್ಯಾಂಕ್ ಖಾತೆ ಮತ್ತು ಠರಾವು ಪುಸ್ತಕ ಮಾತ್ರ ಇರುವ ಸಂಘ, ಕಾನೂನಿನ ಕಣ್ಣಿಗೆ ತನ್ನ ಸದಸ್ಯರಿಂದ ಬೇರೆಯಾದ ಒಬ್ಬ 'ವ್ಯಕ್ತಿ' ಅಲ್ಲ. ಸೊಸೈಟಿ, ಸಹಕಾರ ಸಂಘ ಅಥವಾ ಕಂಪನಿ ಎಂದು ನೋಂದಣಿಯಾದರೆ ಅದು ತನ್ನದೇ ಹೆಸರಿನಲ್ಲಿ ಆಸ್ತಿ ಹಿಡಿಯಬಹುದು. ಸದಸ್ಯರು ಬರುತ್ತಾರೆ, ಹೋಗುತ್ತಾರೆ, ಸಂಸ್ಥೆ ಉಳಿಯುತ್ತದೆ. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ನೋಂದಾಯಿಸಿಕೊಂಡಿದ್ದರು, ಅದು ಈ ಭಾಗದ ಮಂದಿಗೆ ಹೊಸ ದಾರಿಯೇನೂ ಅಲ್ಲ. ನಾಲ್ಕೈದು ಸಂಘಗಳು ಕೂಡಿ ಒಂದೇ ಹೆಸರಿನಲ್ಲಿ ಮಾರುವುದಾದರೆ ನೋಂದಾಯಿತ ಒಕ್ಕೂಟದ ಹೆಸರಿನಲ್ಲಿ ಅರ್ಜಿ ಹಾಕುವುದೇ ಲೇಸು. ಸದಸ್ಯರೆಲ್ಲ ಬಳಸುವ ಚಿಹ್ನೆಗೆ 'ಸಾಮೂಹಿಕ ಚಿಹ್ನೆ' ಎಂಬ ಬೇರೆ ಏರ್ಪಾಡೂ ಕಾಯ್ದೆಯಲ್ಲಿದೆ. ಯಾರು ಬಳಸಬಹುದು, ಗುಣಮಟ್ಟ ಹೇಗಿರಬೇಕು ಎಂಬ ನಿಯಮಾವಳಿಯನ್ನು ಅದಕ್ಕೆ ಜೊತೆಗಿಡಬೇಕು.

ಅಷ್ಟು ದೂರ ಹೋಗಲು ಸಂಘಕ್ಕೆ ಈಗ ಆಗದಿದ್ದರೆ, ಎಲ್ಲರ ಪರವಾಗಿ ಬಳಸುವ ಹೆಸರು ಎಂದು ಒಬ್ಬರಿಗಿಂತ ಹೆಚ್ಚು ಮಂದಿ ಜಂಟಿಯಾಗಿ ಅರ್ಜಿ ಹಾಕಬಹುದು. ಒಬ್ಬರ ಹೆಸರಿನಲ್ಲೇ ಹಾಕಲೇಬೇಕಾದ ಪ್ರಸಂಗ ಬಂದರೆ ಮೊದಲು ಠರಾವು ಮಾಡಿ, ಆಮೇಲೆ ವಕೀಲರಿಂದ ಕರಾರು ಪತ್ರ ಬರೆಸಿ. 'ಈ ಹೆಸರು ಸಂಘದ್ದು, ಸಂಘದ ಪರವಾಗಿ ಮಾತ್ರ ನಾನು ಹಿಡಿದಿದ್ದೇನೆ, ಸಂಘ ನೋಂದಣಿಯಾದ ಮೇಲೆ ಅದಕ್ಕೆ ವರ್ಗಾಯಿಸುತ್ತೇನೆ' ಎಂದು ಅದರಲ್ಲಿ ಸ್ಪಷ್ಟವಾಗಿರಲಿ. ಬಾಯಿಮಾತಿನ ಮೇಲೆ ಬಿಡಬೇಡಿ. ಇದು ಅಧ್ಯಕ್ಷರ ಮೇಲಿನ ಅಪನಂಬಿಕೆಯಲ್ಲ, ಸಾಲ ಕೊಡುವಾಗ ಅಕ್ಕ-ತಂಗಿಯರಿಂದಲೂ ಸಹಿ ತಗೊಳ್ಳುತ್ತೇವಲ್ಲ, ಹಾಗೇ.

ಇನ್ನೊಂದು ಸಣ್ಣ ಮಾತು. ಚೀಟಿಯ ಚಿತ್ರ ಬರೆದುಕೊಟ್ಟವರು ಶಾಲೆಯ ಮಾಸ್ತರರಿರಲಿ, ಡಿಟಿಪಿ ಅಂಗಡಿಯವರಿರಲಿ, 'ಈ ಚಿತ್ರದ ಹಕ್ಕನ್ನು ಸಂಘಕ್ಕೆ ಬಿಟ್ಟುಕೊಟ್ಟಿದ್ದೇನೆ' ಎಂದು ಬರೆಸಿಕೊಂಡು ಸಹಿ ಪಡೆಯಿರಿ. ಚಿತ್ರದ ಕೃತಿಸ್ವಾಮ್ಯ ಬೇರೆ ವಿಷಯ, ಅದು ಬರವಣಿಗೆಯಲ್ಲಿಯೇ ವರ್ಗವಾಗಬೇಕು.

ಎಂಥ ಹೆಸರು ಸಿಗುತ್ತದೆ, ಎಂಥದು ಸಿಗುವುದಿಲ್ಲ

'ಖಡಕ್ ರೊಟ್ಟಿ', 'ರುಚಿಯಾದ ಹಿಂಡಿ' ಇಂಥವು ಮಾಲನ್ನೇ ವರ್ಣಿಸುವ ಮಾತುಗಳು. ರೊಟ್ಟಿ ಬಡಿಯುವ ಎಲ್ಲರಿಗೂ ಇವು ಬೇಕು, ಆದ್ದರಿಂದ ಒಬ್ಬರಿಗೇ ಕೊಡುವುದಿಲ್ಲ. 'ಗಜೇಂದ್ರಗಡ ರೊಟ್ಟಿ', 'ನರಗುಂದ ಖಾರ' ಎಂಬ ಊರಿನ ಹೆಸರುಗಳದೂ ಇದೇ ತೊಂದರೆ. ಊರಿನ ಹೆಸರು ಊರಿನವರೆಲ್ಲರದು. ದೇವರ ಹೆಸರನ್ನು ನಮ್ಮವರು ಬಹಳ ಇಡುತ್ತಾರೆ. ಆದರೆ ಲಕ್ಷ್ಮಿ, ಬಸವೇಶ್ವರ ಎಂಬ ಹೆಸರಿನಲ್ಲಿ ಊರೂರಿಗೂ ಅಂಗಡಿ ಇರುವಾಗ ನಮ್ಮದನ್ನು ಬೇರೆ ಎಂದು ತೋರಿಸುವುದು ಕಷ್ಟ. ಊದುಬತ್ತಿಗೆ 'ರಾಮಾಯಣ' ಎಂಬ ಹೆಸರು ತಮಗೇ ಬೇಕೆಂದು ಹೋದವರಿಗೆ, ಧರ್ಮಗ್ರಂಥದ ಹೆಸರನ್ನು ಯಾರೊಬ್ಬರೂ ತಮ್ಮದೆನ್ನಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು.

ಮಾಲಿಗೂ ಹೆಸರಿಗೂ ನೇರ ಸಂಬಂಧ ಇಲ್ಲದಿದ್ದಷ್ಟೂ ಒಳ್ಳೆಯದು. ರೊಟ್ಟಿಗೆ ಹೂವಿನ ಹೆಸರು, ಹಿಂಡಿಗೆ ಹಕ್ಕಿಯ ಹೆಸರು, ಇಲ್ಲವೇ ನಾವೇ ಕೂಡಿ ಕಟ್ಟಿದ ಹೊಸ ಶಬ್ದ. ಮುಂಬೈಯ ಗಿರಗಾಂವ್‌ನಲ್ಲಿ 1959ರಲ್ಲಿ ಏಳು ಮಂದಿ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಹಪ್ಪಳ ಶುರು ಮಾಡಿದರು. ಮುಂದೆ 1962ರಲ್ಲಿ ಹೆಸರಿಗಾಗಿ ಒಂದು ಸ್ಪರ್ಧೆ ಇಟ್ಟು, 5 ರೂಪಾಯಿ ಬಹುಮಾನ ಕೊಟ್ಟು ಆರಿಸಿದ ಹೆಸರು 'ಲಿಜ್ಜತ್'. ಇವತ್ತು ಆ ಹೆಸರು ಗೊತ್ತಿಲ್ಲದ ಅಂಗಡಿ ಇದೆಯೇ?

ಊರಿನ ಹೆಸರಿಗೆ ಬೇರೆಯೇ ಒಂದು ರಕ್ಷಣೆ ಇದೆ. ಅದಕ್ಕೆ ಭೌಗೋಳಿಕ ಗುರುತು, ಜಿಐ ಎನ್ನುತ್ತಾರೆ. ಧಾರವಾಡ ಪೇಡೆ, ಇಳಕಲ್ ಸೀರೆ, ನಮ್ಮ ನರಗುಂದದ ಪಕ್ಕದ ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನ, ಬ್ಯಾಡಗಿ ಮೆಣಸಿನಕಾಯಿ ಇವಕ್ಕೆಲ್ಲ ಜಿಐ ಸಿಕ್ಕಿದೆ. ಜಿಐ ಒಬ್ಬರ ಆಸ್ತಿಯಲ್ಲ, ಆ ಸೀಮೆಯ ತಯಾರಕರದು. ಧಾರವಾಡ ಪೇಡೆ ಎಂಬುದು ಎಲ್ಲರದು, ಆದರೆ ಠಾಕೂರ್ ಎಂಬ ಹೆಸರು ಬೇರೆ, ಮಿಶ್ರಾ ಎಂಬ ಹೆಸರು ಬೇರೆ. ಗಜೇಂದ್ರಗಡದ ಕಡೆ ಸೀರೆ ನೇಯುವ ಮನೆಯ ಸದಸ್ಯರು ಇದನ್ನು ಗಮನಿಸಬೇಕು: ಸೀರೆಯ ಜಾತಿಯ ಹೆಸರು ಒಂದು, ನಿಮ್ಮ ಮಗ್ಗದ ಹೆಸರು ಇನ್ನೊಂದು.

ಹೋಲುವ ಹೆಸರಿನ ಜಗಳ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ 'ನಂದಿನಿ' ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ಒಂದು ಹೋಟೆಲಿನವರು 1989ರಿಂದ 'ನಂಧಿನಿ' ಎಂದು, ಇಂಗ್ಲಿಷಿನಲ್ಲಿ ಒಂದು 'ಎಚ್' ಹೆಚ್ಚಿಗೆ ಹಾಕಿ, ಊಟದ ವ್ಯವಹಾರ ಮಾಡುತ್ತಿದ್ದರು. ಅವರು ತಮ್ಮ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಳ ಆಕ್ಷೇಪಣೆ ಹಾಕಿತು. ಹೈಕೋರ್ಟಿನಲ್ಲಿ ಹೋಟೆಲಿನವರು ಸೋತರು, 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನಂದಿನಿ ಎಂಬುದು ಪುರಾಣದಿಂದ ಬಂದ ಹೆಸರು, ಎರಡರ ಚಿತ್ರ ಬೇರೆ, ಮಾಲು ಬೇರೆ, ಒಂದೇ ವರ್ಗದಲ್ಲಿದ್ದ ಮಾತ್ರಕ್ಕೆ ಇಡೀ ವರ್ಗ ಒಬ್ಬರದಾಗುವುದಿಲ್ಲ ಎಂದು ಕೋರ್ಟು ಹೇಳಿತು. ಹೋಟೆಲಿನವರು ಹಾಲು ಮತ್ತು ಹಾಲಿನ ಪದಾರ್ಥಗಳನ್ನು ತಮ್ಮ ಪಟ್ಟಿಯಿಂದ ಬಿಟ್ಟರು. ಗೆದ್ದರು ನಿಜ, ಆದರೆ ಅಷ್ಟು ವರ್ಷ ಕೋರ್ಟು ಅಲೆಯುವ ಶಕ್ತಿ ನಮ್ಮ ಸಂಘಗಳಿಗೆ ಎಲ್ಲಿಂದ ಬರಬೇಕು? ಮೊದಲೇ ಹುಡುಕಿ ನೋಡಿ ಬೇರೆ ಹೆಸರು ಇಡುವುದು ಅಗ್ಗ.

ಹುಡುಕುವುದು, ವರ್ಗ, ಫೀ

ಕೇಂದ್ರ ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ 'ಪಬ್ಲಿಕ್ ಸರ್ಚ್' ಎಂಬ ಭಾಗವಿದೆ, ಅದಕ್ಕೆ ದುಡ್ಡಿಲ್ಲ. ಕಾಲೇಜಿಗೆ ಹೋಗುವ ಮಗಳನ್ನು ಕೂರಿಸಿಕೊಂಡು ನೋಡಬಹುದು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಹುಡುಕಿ. 'ಅಬ್ಬಲಿ'ಯಲ್ಲಿ 'ಬಿ' ಒಂದೇ ಇರಬಹುದು, ಎರಡಿರಬಹುದು, ಕೊನೆಗೆ 'ಐ' ಇರಬಹುದು, ಎರಡು 'ಇ' ಇರಬಹುದು. ಬರವಣಿಗೆ ಬೇರೆಯಾದರೂ ಕಿವಿಗೆ ಒಂದೇ ಕೇಳಿಸಿದರೆ ಕಚೇರಿಯವರು ತಕರಾರು ಎತ್ತುತ್ತಾರೆ.

ಲೋಕದ ಮಾಲು ಮತ್ತು ಸೇವೆಗಳನ್ನೆಲ್ಲ 45 ವರ್ಗ ಮಾಡಿದ್ದಾರೆ. ಹಿಟ್ಟು, ರೊಟ್ಟಿ, ಶ್ಯಾವಿಗೆ, ಮಸಾಲೆ, ಖಾರ, ಚಟ್ನಿ-ಹಿಂಡಿ 30ನೇ ವರ್ಗ. ಉಪ್ಪಿನಕಾಯಿ 29. ಕೌದಿ, ಹಾಸಿಗೆ ಬಟ್ಟೆ 24. ಉಡುವ, ತೊಡುವ ಬಟ್ಟೆ 25. ಸಾಬೂನು, ಊದುಬತ್ತಿ 3. ಫೀ ಒಂದೊಂದು ವರ್ಗಕ್ಕೂ ಪ್ರತ್ಯೇಕ.

2017ರ ನಿಯಮದಂತೆ ಆನ್‌ಲೈನ್ ಅರ್ಜಿಗೆ ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮವಾದರೆ ವರ್ಗಕ್ಕೆ 4,500 ರೂ., ಉಳಿದವರಿಗೆ 9,000 ರೂ. ಸಣ್ಣ ಉದ್ಯಮ ಎಂದು ತೋರಿಸಲು ಉದ್ಯಮ್ ಸರ್ಟಿಫಿಕೇಟು ಬೇಕು, ಅದನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಅಂದರೆ ಒಂದು ರೂಪಾಯಿ ಖರ್ಚಿಲ್ಲದ ಆ ಕಾಗದ ನಿಮಗೆ ವರ್ಗವೊಂದಕ್ಕೆ 4,500 ರೂ. ಉಳಿಸಿಕೊಡುತ್ತದೆ. ಮೊದಲು ಅದನ್ನು ಮಾಡಿಸಿ. ರೊಟ್ಟಿ, ಉಪ್ಪಿನಕಾಯಿ, ಕೌದಿ ಮೂರಕ್ಕೂ ಒಂದೇ ಹೆಸರು ಬೇಕೆಂದರೆ 13,500 ರೂ. ಆಗುತ್ತದೆ. ನಮ್ಮ ಸಲಹೆ ಎಂದರೆ ಯಾವ ಮಾಲು ಹೆಚ್ಚು ಹೋಗುತ್ತದೋ ಆ ಒಂದು ವರ್ಗದಿಂದ ಶುರು ಮಾಡಿ. ಅರ್ಜಿ ತಿರಸ್ಕಾರವಾದರೂ ಫೀ ವಾಪಸು ಬರುವುದಿಲ್ಲ. ಬರೀ ಹೆಸರಿಗೆ ಅರ್ಜಿಯೋ, ಚಿತ್ರ ಸಹಿತದ ಚೀಟಿಗೋ ಎಂಬ ಪ್ರಶ್ನೆ ಬಂದರೆ, ಹೆಸರು ಗಟ್ಟಿ ಇದ್ದಾಗ ಹೆಸರಿಗೇ ಹಾಕಿ. ನಾಳೆ ಚೀಟಿಯ ಬಣ್ಣ ಬದಲಾದರೂ ಹಕ್ಕು ಉಳಿಯುತ್ತದೆ.

ಅರ್ಜಿ ಹಾಕುವಾಗ

ಅರ್ಜಿಯ ನಮೂನೆಗೆ 'ಟಿಎಂ-ಎ' ಎಂದು ಹೆಸರು. ಆನ್‌ಲೈನ್‌ನಲ್ಲಿ ಸಲ್ಲಿಸಲು ಡಿಜಿಟಲ್ ಸಹಿ ಬೇಕು. ಅದನ್ನು ನೀವೇ ಮಾಡಿಸಿಕೊಳ್ಳಬಹುದು, ಇಲ್ಲವೇ ವಕೀಲರಿಗೆ ಅಥವಾ ನೋಂದಾಯಿತ ಟ್ರೇಡ್ ಮಾರ್ಕ್ ಏಜೆಂಟರಿಗೆ ಅಧಿಕಾರ ಪತ್ರ ಕೊಟ್ಟು ಅವರ ಮೂಲಕ ಹಾಕಿಸಬಹುದು. ಸೈಬರ್ ಸೆಂಟರಿನವರು ಟೈಪು ಮಾಡಿಕೊಡಬಹುದು, ಏಜೆಂಟರಾಗಲು ಬರುವುದಿಲ್ಲ. ಸರ್ಕಾರಿ ಫೀ ಎಷ್ಟು, ಅವರ ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆಸಿ ರಸೀದಿ ತಗೊಳ್ಳಿ. ಹೆಸರು ಕನ್ನಡ ಅಕ್ಷರದಲ್ಲಿದ್ದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು.

ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂದು ಅರ್ಜಿ ಕೇಳುತ್ತದೆ. ಇನ್ನೂ ಬಳಸಿಲ್ಲದಿದ್ದರೆ 'ಮುಂದೆ ಬಳಸಲಿದ್ದೇವೆ' ಎನ್ನಬಹುದು. ಮೊದಲಿನಿಂದ ಬಳಸುತ್ತಿದ್ದರೆ ಅಫಿಡವಿಟ್ಟು ಮತ್ತು ಪುರಾವೆ ಕೊಡಬೇಕು: ಹೆಸರು ಇರುವ ಹಳೆಯ ಬಿಲ್ಲು, ಚೀಟಿ ಛಾಪಿಸಿದ ರಸೀದಿ, ಮೇಳದಲ್ಲಿ ಮಳಿಗೆ ಹಾಕಿದ ಪತ್ರ, ತಾರೀಖಿರುವ ಫೋಟೋ. ಮೊದಲು ಬಳಸಿದವರ ಹಕ್ಕನ್ನು, ಅವರು ಬಿಡದೆ ಬಳಸುತ್ತ ಬಂದಿದ್ದರೆ, ನಂತರ ಬಂದವರ ನೋಂದಣಿ ಕಿತ್ತುಕೊಳ್ಳಲು ಬರುವುದಿಲ್ಲ. ಮೇಲಿನ ಕಥೆಯ ಅಬ್ಬಲಿ ಸಂಘಕ್ಕೆ ಉಳಿದಿರುವ ದಾರಿ ಇದೊಂದೇ. ಆದರೆ ಬಿಲ್ಲುಗಳೆಲ್ಲ ವ್ಯಾಪಾರಿಯ ಹತ್ತಿರವೇ ಇದ್ದರೆ? ಆದ್ದರಿಂದ ಇವತ್ತಿನಿಂದಲೇ ಒಂದು ಫೈಲು ಮಾಡಿ, ಠರಾವು ಪುಸ್ತಕದ ಜೊತೆ ಇಡಿ.

ಇನ್ನು ಇ-ಮೇಲ್. ಅರ್ಜಿಯಲ್ಲಿ ಕೊಟ್ಟ ಇ-ಮೇಲ್‌ಗೇ ಎಲ್ಲ ನೋಟೀಸು ಬರುತ್ತವೆ. ಸೈಬರ್ ಸೆಂಟರಿನವರದೋ, ಯಾರದೋ ಮಗನದೋ ಇ-ಮೇಲ್ ಕೊಟ್ಟರೆ ನೋಟೀಸು ಅಲ್ಲೇ ಕೂತು ಅವಧಿ ಮುಗಿಯುತ್ತದೆ. ಸಂಘಕ್ಕೆಂದೇ ಒಂದು ಇ-ಮೇಲ್ ಮಾಡಿಸಿ, ಅದರ ಪಾಸ್‌ವರ್ಡು ಇಬ್ಬರಿಗೆ ಗೊತ್ತಿರಲಿ, ವಾರದ ಸಭೆಯ ದಿನ ಒಮ್ಮೆ ತೆರೆದು ನೋಡುವ ಜವಾಬ್ದಾರಿ ಒಬ್ಬರಿಗಿರಲಿ. ಕೆಲಸ ಕೆಡುವುದು ಕಾನೂನಿನಿಂದಲ್ಲ, ಹೆಚ್ಚಾಗಿ ಇಲ್ಲೇ.

ಅರ್ಜಿ ಹಾಕಿದ ಮೇಲೆ

ಅರ್ಜಿಯ ನಂಬರು ಕೂಡಲೇ ಸಿಗುತ್ತದೆ. ಆ ನಂಬರು ಹಾಕಿ ಸ್ಥಿತಿ ಏನೆಂದು ಯಾವಾಗ ಬೇಕಾದರೂ ನೋಡಬಹುದು. ಅಲ್ಲಿ 'ಆಬ್ಜೆಕ್ಟೆಡ್' ಎಂದು ಕಂಡರೆ ಎದೆ ಒಡೆದುಕೊಳ್ಳಬೇಡಿ. ಪರೀಕ್ಷಕರು ಒಂದು ಸಂಶಯ ಕೇಳಿದ್ದಾರೆ ಎಂದು ಅರ್ಥ. ವರದಿ ತಲುಪಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿಚಾರಣೆಗೆ ಕರೆಯುತ್ತಾರೆ, ಅದು ವಿಡಿಯೋ ಮೂಲಕ ನಡೆಯುತ್ತದೆ. ಒಪ್ಪಿಗೆಯಾದರೆ ಹೆಸರನ್ನು ಟ್ರೇಡ್ ಮಾರ್ಕ್ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಆಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಆಗ ಕಾಣುವ ಮಾತು 'ಅಪೋಸ್ಡ್'. ಇದು ಮಾತ್ರ ಹಗುರವಲ್ಲ. ವಿರೋಧದ ಪ್ರತಿ ಕೈಸೇರಿದ ಎರಡು ತಿಂಗಳಲ್ಲಿ ಪ್ರತಿ ಹೇಳಿಕೆ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಕೂಡಲೇ ವಕೀಲರನ್ನು ಕಾಣಿ. ಯಾರೂ ವಿರೋಧಿಸದಿದ್ದರೆ ಸರ್ಟಿಫಿಕೇಟು ಬರುತ್ತದೆ.

ಅರ್ಜಿದಾರರ ಹೆಸರು, ವಿಳಾಸ ಎಲ್ಲರಿಗೂ ಕಾಣುವುದರಿಂದ 'ನಿಮ್ಮ ಅರ್ಜಿ ನಿಂತಿದೆ, ಇಷ್ಟು ಹಣ ಹಾಕಿ' ಎಂದು ಫೋನು, ಪತ್ರ ಬರಬಹುದು. ಜಾಲತಾಣದಲ್ಲಿ ನಂಬರು ಹಾಕಿ ನೋಡದೆ ಒಂದು ಪೈಸೆಯೂ ಕಳಿಸಬೇಡಿ.

ನೋಂದಣಿಯ ಅವಧಿ ಅರ್ಜಿಯ ದಿನದಿಂದ 10 ವರ್ಷ. ಆಮೇಲೆ ಪ್ರತಿ 10 ವರ್ಷಕ್ಕೆ ವರ್ಗವೊಂದಕ್ಕೆ 9,000 ರೂ. ಕಟ್ಟಿ ನವೀಕರಿಸಬೇಕು. ಈಗಿನಿಂದ ತಿಂಗಳಿಗೆ 75 ರೂ. ತೆಗೆದಿಟ್ಟರೆ ಅಷ್ಟಾಗುತ್ತದೆ. ನೋಂದಾಯಿಸಿ ಐದು ವರ್ಷಕ್ಕೂ ಮೇಲೆ ಬಳಸದೆ ಬಿಟ್ಟರೆ ತೆಗೆದುಹಾಕಿಸಲು ಬೇರೆಯವರು ಕೇಳಬಹುದು. ಯಾರಾದರೂ ನಿಮ್ಮ ಹೆಸರು ಕದ್ದು ಮಾರಿದರೆ, ಅವರು ಎಲ್ಲಿಯವರೇ ಇರಲಿ, ನೀವು ವ್ಯವಹಾರ ಮಾಡುವ ನಮ್ಮ ಜಿಲ್ಲೆಯಲ್ಲೇ ದಾವೆ ಹೂಡಲು ನೋಂದಾಯಿತ ಮಾಲೀಕರಿಗೆ ಅವಕಾಶವಿದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

ನಮ್ಮ ಪಾಕೀಟಿನ ಮೇಲಿನ ಹೆಸರನ್ನು ಮೊದಲು ಹೇಳಿದವರು ಯಾರು, ಯಾವ ವರ್ಷದಿಂದ ಬಳಸುತ್ತಿದ್ದೇವೆ? ಅದಕ್ಕೆ ಕೈಯಲ್ಲಿ ಯಾವ ಕಾಗದ ಇದೆ?

ಚೀಟಿಯನ್ನು ಯಾರು ಛಾಪಿಸಿಕೊಡುತ್ತಾರೆ? ಬಿಲ್ಲು ಯಾರ ಹೆಸರಿನಲ್ಲಿ ಬರುತ್ತದೆ?

ನಾಳೆ ಅರ್ಜಿ ಹಾಕುವುದಾದರೆ ಅರ್ಜಿದಾರರ ಜಾಗದಲ್ಲಿ ಯಾರ ಹೆಸರು ಬರೆಯುತ್ತೇವೆ? ಆ ಠರಾವಿಗೆ ಎಲ್ಲ ಸದಸ್ಯರೂ, ಹೆಬ್ಬೆಟ್ಟು ಒತ್ತುವ ಅವ್ವಂದಿರು ಸಹಿತ, ಓದಿಸಿ ಕೇಳಿ ಸಹಿ ಹಾಕಿದ್ದಾರೆಯೇ?